ಸಣ್ಣ ವಿಮಾನ ಹಾರಿಸೋರಿಗೆ ಟ್ಯಾಬ್ಲೆಟ್: ಮೊದ್ಲು ಆಪ್ ನೋಡಿ, ಆಮೇಲೆ ಸಾಧನ

ಮಾನ್ಯ ಸಂಪಾದಕರೇ,

ಟ್ಯಾಬ್ಲೆಟ್ ಕೊಳ್ಳೋರಿಗೆ ಅಂತ ನಿಮ್ಮ ಪತ್ರಿಕೇಲಿ ಬಂದಿದ್ದ ಬರಹ ಓದ್ದೆ. ಪಾಠಕ್ಕೆ ಯಾವ್ದು, ಸಿನಿಮಾ ನೋಡೋಕೆ ಯಾವ್ದು, ಚಿತ್ರ ಬರೆಯೋರಿಗೆ ಯಾವ್ದು ಅಂತೆಲ್ಲ ಚೆನ್ನಾಗೇ ಹೇಳಿದ್ದೀರಿ, ಆದ್ರೆ ಕೊನೇಲಿ ಪೈಲಟ್‌ಗಳ ವಿಷಯಕ್ಕೆ ಬಂದಾಗ ಅವ್ರಿಗೆ ದೊಡ್ಡ ಸ್ಕ್ರೀನು, ಜೋರಾದ ಪ್ರಾಸೆಸರ್ ಇದ್ರೆ ಸಾಕು ಅನ್ನೋ ಅರ್ಥ ಬರೋ ಹಾಗೆ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ಎರಡು ಸೀಟು, ನಾಲ್ಕು ಸೀಟಿನ ಸಣ್ಣ ವಿಮಾನ ಹಾರಿಸೋ ಹವ್ಯಾಸ ಇರೋನು ನಾನು, ಹಾರೋವಾಗ ದಾರಿ ನೋಡೋ ನಕ್ಷೆ ನಮಗೆ ಟ್ಯಾಬ್ಲೆಟ್‌ನಲ್ಲೇ, ಆ ಒಂದು ಸಾಲು ನಂಬ್ಕೊಂಡು ಯಾರಾದ್ರೂ ಅಂಗಡಿಗೆ ಹೋದ್ರೆ ದುಡ್ಡೂ ಹೋಯ್ತು, ಕೆಲ್ಸಾನೂ ಆಗ್ಲಿಲ್ಲ ಅನ್ನೋ ಹಾಗಾಗತ್ತೆ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಯ್ತು, ಕತ್ತರಿಸೋದಾದ್ರೆ ಬಿಸಿಲಿನ ವಿಷಯ ಮಾತ್ರ ಬಿಡ್ಬೇಡಿ.

ಮೊದ್ಲನೇದಾಗಿ ದೊಡ್ಡ ಏರ್‌ಲೈನ್ ಪೈಲಟ್‌ಗಳನ್ನ ನೋಡಿ ನಮ್ಮಂಥೋರು ಟ್ಯಾಬ್ಲೆಟ್ ಆರಿಸೋಕಾಗಲ್ಲ. ಅಲ್ಲಿ ಸಾಧನ ಯಾವ್ದು, ಆಪ್ ಯಾವ್ದು, ಅಪ್‌ಡೇಟ್ ಯಾವಾಗ ಅನ್ನೋದನ್ನೆಲ್ಲ ಕಂಪನಿ ನಿರ್ಧಾರ ಮಾಡತ್ತೆ, ಕಾಕ್‌ಪಿಟ್‌ನಲ್ಲಿ ಏಸಿ ಇರತ್ತೆ, ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಕೈಲಿ ಇನ್ನೊಂದು ಟ್ಯಾಬ್ಲೆಟ್ ಇರತ್ತೆ. ಅಷ್ಟೆಲ್ಲ ಇದ್ದೂ 2015ರ ಏಪ್ರಿಲ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಹಲವಾರು ವಿಮಾನಗಳು ಹೊರಡೋಕಾಗ್ದೆ ನಿಂತ್ಬಿಟ್ವು, ಯಾಕಂದ್ರೆ ವಾಷಿಂಗ್ಟನ್‌ನ ರೇಗನ್ ನ್ಯಾಷನಲ್ ಏರ್‌ಪೋರ್ಟಿನ ಒಂದು ಚಾರ್ಟು, ಅಂದ್ರೆ ಪೈಲಟ್‌ಗಳ ನಕ್ಷೆ, ಡೇಟಾದಲ್ಲಿ ಎರಡೆರಡು ಸಲ ಸೇರ್ಕೊಂಡು ಪೈಲಟ್‌ಗಳ ಐಪ್ಯಾಡ್‌ನಲ್ಲಿ ಆಪ್ ಕ್ರ್ಯಾಶ್ ಆಯ್ತು, ಆಪ್ ತೆಗೆದುಹಾಕಿ ಮತ್ತೆ ಇನ್‌ಸ್ಟಾಲ್ ಮಾಡ್ಬೇಕಾಯ್ತು. ಪ್ರಾಸೆಸರ್ ಎಷ್ಟು ಜೋರಾಗಿದ್ರೂ ಅಲ್ಲಿ ಏನೂ ಪ್ರಯೋಜನ ಇರ್ಲಿಲ್ಲ.

ಸರಿ, ಹಾಗಾದ್ರೆ ಎಲ್ಲಿಂದ ಶುರು ಮಾಡ್ಬೇಕು? ಆಪ್‌ನಿಂದ. ಜನ ಇದನ್ನ ಉಲ್ಟಾ ಮಾಡ್ತಾರೆ, ಟ್ಯಾಬ್ಲೆಟ್ ಕೊಂಡ್ಕೊಂಡು ಬಂದು ಆಮೇಲೆ ಇದಕ್ಕೆ ಯಾವ ಆಪ್ ಹಾಕ್ಲಿ ಅಂತ ಕೇಳ್ತಾರೆ, ಕುದುರೆ ನೋಡ್ದೆ ಜೀನು ಹೊಲಿಸಿದ ಹಾಗೆ. ನೀವು ಯಾವ ದೇಶದ ಆಕಾಶದಲ್ಲಿ ಹಾರ್ತೀರೋ ಆ ದೇಶದ ಚಾರ್ಟು, ಏರ್‌ಸ್ಪೇಸ್ ಗಡಿ (ಆಕಾಶದ ಯಾವ ಭಾಗಕ್ಕೆ ಯಾವ ನಿಯಮ ಅನ್ನೋ ಗೆರೆ), ರೇಡಿಯೋ ಫ್ರೀಕ್ವೆನ್ಸಿ, ನೋಟಾಮ್ (ಪೈಲಟ್‌ಗಳಿಗೆ ಬರೋ ತಾಜಾ ಸೂಚನೆ) ಇವೆಲ್ಲ ಯಾವ ಆಪ್‌ನಲ್ಲಿ ಸರಿಯಾಗಿ, ಟೈಮಿಗೆ ಸರಿಯಾಗಿ ಬರತ್ತೋ ಅದೇ ನಿಮ್ಮ ಆಪ್, ಅಲ್ಲಿ ಆಯ್ಕೆ ಅಂತ ಜಾಸ್ತಿ ಏನೂ ಉಳಿಯಲ್ಲ. ಅಮೆರಿಕದಲ್ಲಿ ಫೋರ್‌ಫ್ಲೈಟ್ ಬಳಸೋರು ತುಂಬಾ ಜನ, ಅದು ಮೊದ್ಲಿಂದ್ಲೂ ಆಪಲ್ ಸಾಧನಗಳಿಗೆ ಅಂತ್ಲೇ ಬೆಳೆದು ಬಂದದ್ದು, ಹಾಗಾಗಿ ಅದು ಬೇಕು ಅಂದ್ರೆ ಐಪ್ಯಾಡ್ ಅಂತ ಆಗ್ಲೇ ತೀರ್ಮಾನ ಆಗ್ಹೋಯ್ತು. ಗಾರ್ಮಿನ್ ಪೈಲಟ್ ಐಪ್ಯಾಡಲ್ಲೂ ಓಡತ್ತೆ, ಆಂಡ್ರಾಯ್ಡಲ್ಲೂ ಓಡತ್ತೆ, ವಿಮಾನದ ಪ್ಯಾನೆಲ್‌ನಲ್ಲಿ ಗಾರ್ಮಿನ್ ಕಂಪನಿದೇ ಉಪಕರಣ ಇದ್ರೆ ಅದ್ರ ಜೊತೆ ಒಳ್ಳೇ ಹೊಂದಾಣಿಕೆ. ಯುರೋಪಿನ ಕಡೆ ಸ್ಕೈಡೀಮನ್ ಬಿಟ್ಟು ಬೇರೆ ನೋಡದೇ ಇರೋರು ಎಷ್ಟೋ ಜನ, ಆಸ್ಟ್ರೇಲಿಯಾದಲ್ಲಿ ಓಝ್‌ರನ್‌ವೇಸ್, ಆವ್‌ಪ್ಲಾನ್ ಅಂತ ಅಲ್ಲಿಯವೇ ಇವೆ. ಅವಾರೆ ಅಂತ ಒಂದು ಪುಕ್ಕಟೆ ಆಪ್ ಇದೆ, ಓಪನ್ ಸೋರ್ಸ್, ಆಂಡ್ರಾಯ್ಡ್‌ನಲ್ಲಿ ಬೆಳೆದದ್ದು, ಅಮೆರಿಕದ ಚಾರ್ಟುಗಳಿಗೆ ಕೆಲ್ಸ ಚೆನ್ನಾಗೇ ಮಾಡತ್ತೆ. ಈಗ ನೋಡಿ, ಅಮೆರಿಕದ ಯೂಟ್ಯೂಬರ್ ಒಬ್ಬ ಹೊಗಳಿದ ಅಂತ ಬೇರೆ ಖಂಡದಲ್ಲಿ ಕೂತೋನು ಅದೇ ಆಪ್ ಸಬ್‌ಸ್ಕ್ರೈಬ್ ಮಾಡಿದ್ರೆ ಅಲ್ಲಿ ನಕ್ಷೆ ಏನೋ ಕಾಣತ್ತೆ, ಆದ್ರೆ ತನ್ನ ದೇಶದ ಅಧಿಕೃತ ಚಾರ್ಟು ಅದ್ರಲ್ಲಿ ಇಲ್ವೇ ಇಲ್ಲ ಅಂತ ಆಮೇಲೆ ಗೊತ್ತಾಗತ್ತೆ.

ಇನ್ನು ಗೂಗಲ್ ಮ್ಯಾಪ್ ಇದೆಯಲ್ಲ ಸಾಲ್ದಾ ಅಂತ ಕೇಳೋರೂ ಇದ್ದಾರೆ. ಸಾಲಲ್ಲ. ರಸ್ತೆ ನಕ್ಷೆಗೆ ಏರ್‌ಸ್ಪೇಸ್ ಎಷ್ಟು ಅಡಿಯಿಂದ ಎಷ್ಟು ಅಡಿವರೆಗೆ ಅನ್ನೋದು ಗೊತ್ತಿಲ್ಲ, ಗುಡ್ಡದ ಮೇಲಿನ ಟವರ್ ಎಷ್ಟು ಎತ್ತರ ಅಂತ ಗೊತ್ತಿಲ್ಲ, ಯಾವ ಫ್ರೀಕ್ವೆನ್ಸಿಲಿ ಯಾರನ್ನ ಕರೀಬೇಕು ಅಂತ ಗೊತ್ತಿಲ್ಲ. ವಿಮಾನಯಾನದ ಡೇಟಾ ಅಂತರರಾಷ್ಟ್ರೀಯ ಮಟ್ಟದಲ್ಲಿ 28 ದಿನಕ್ಕೊಂದು ಸಲ ಬದಲಾಗತ್ತೆ, ಏರಾಕ್ ಸೈಕಲ್ ಅಂತಾರೆ ಅದಕ್ಕೆ, ಒಂದು ಸೈಕಲ್ ದಾಟಿತು ಅಂದ್ರೆ ಯಾವ್ದೋ ಒಂದು ಫ್ರೀಕ್ವೆನ್ಸಿನೋ ಏರ್‌ಸ್ಪೇಸ್ ಗೆರೆನೋ ಬದಲಾಗಿರತ್ತೆ. ಒಳ್ಳೇ ಆಪ್ ಆದ್ರೆ ಹಳೇ ಚಾರ್ಟಿನ ಮೇಲೆ ಹಾರೋಕೆ ಹೊರಟ್ರೆ ಕಣ್ಣಿಗೆ ಹೊಡೆಯೋ ಹಾಗೆ ಹೇಳತ್ತೆ.

ಒಂದಕ್ಕಿಂತ ಹೆಚ್ಚು ಆಪ್ ನಿಮ್ಮ ಕಡೆ ಸಿಗತ್ತೆ ಅನ್ನೋದಾದ್ರೆ ಆಗ ಹೋಲಿಸಿ ನೋಡ್ಬೇಕು, ಹೆಚ್ಚಿನವು ಕೆಲವು ವಾರ ಪುಕ್ಕಟೆ ಟ್ರಯಲ್ ಕೊಡ್ತಾವೆ. ಆದ್ರೆ ಫೀಚರ್ ಪಟ್ಟಿ ಇಟ್ಕೊಂಡು ಟಿಕ್ ಹಾಕ್ತಾ ಕೂರ್ಬೇಡಿ. ನನ್ನ ಪರೀಕ್ಷೆ ತುಂಬಾ ಸರಳ. ಕುರ್ಚಿ ಮೇಲೆ ಕೂತು, ಎಡಗೈಲಿ ಏನಾದ್ರೂ ಹಿಡ್ಕೊಂಡು, ಬಲಗೈ ಒಂದೇ ಬೆರಳಲ್ಲಿ, ಮುಂದೆ ಹೋಗೋಕಾಗಲ್ಲ ಈಗ ಹತ್ತಿರದ ರನ್‌ವೇ ಎಲ್ಲಿ ಅಂತ ಹುಡುಕಿ. ಎಷ್ಟು ಸಲ ಒತ್ತಬೇಕಾಯ್ತು? ಆ ರನ್‌ವೇ ಉದ್ದ ಎಷ್ಟು, ಯಾವ ದಿಕ್ಕು, ಫ್ರೀಕ್ವೆನ್ಸಿ ಏನು ಅನ್ನೋದು ಅದೇ ಸ್ಕ್ರೀನ್‌ನಲ್ಲಿ ಬಂತಾ, ಇಲ್ಲಾ ಇನ್ನೂ ಮೂರು ಮೆನು ಒಳಗೆ ಹೋಗ್ಬೇಕಾಯ್ತಾ? ಅಕ್ಷರ ತೋಳಳತೆ ದೂರದಲ್ಲಿ ಓದೋಕಾಗತ್ತಾ? ಆಮೇಲೆ ಹಾಕಿರೋ ರೂಟನ್ನ ಬೆರಳಲ್ಲಿ ಎಳೆದು ಒಂದು ಮಳೆ ಮೋಡ ಸುತ್ತಿ ಹೋಗೋ ಹಾಗೆ ಬದಲಾಯಿಸಿ, ತಪ್ಪಿ ಎಳೆದ್ರೆ ಹಿಂದಕ್ಕೆ ತರೋದು ಎಷ್ಟು ಸುಲಭ ನೋಡಿ. ಈ ಎರಡು ಕೆಲ್ಸ ಸಲೀಸಾಗಿ ಆದ್ರೆ ಆ ಆಪ್ ಸಾಕು. ನಿಮಗೆ ಹಾರೋದು ಕಲಿಸಿದ ಇನ್‌ಸ್ಟ್ರಕ್ಟರ್, ಕ್ಲಬ್ಬಿನ ಗೆಳೆಯರು ಯಾವ್ದು ಬಳಸ್ತಾರೋ ಅದಕ್ಕೆ ಇನ್ನಷ್ಟು ತೂಕ ಕೊಡಿ, ಯಾಕಂದ್ರೆ ಏನಾದ್ರೂ ಸಿಕ್ಕಾಕ್ಕೊಂಡ್ರೆ ಕೇಳೋಕೆ ಪಕ್ಕದಲ್ಲಿ ಜನ ಇರ್ತಾರೆ, ಹೆಲ್ಪ್‌ಲೈನ್‌ಗೆ ಮೇಲ್ ಹಾಕಿ ಕಾಯೋದು ಬೇಡ.

ತ್ರೀಡಿ ಗುಡ್ಡ ಬೆಟ್ಟ ತೋರ್ಸೋ ಸಿಂಥೆಟಿಕ್ ವಿಷನ್ ಅಂತ ಬರತ್ತಲ್ಲ, ಅದನ್ನ ನೋಡಿ ಮರುಳಾಗೋರು ಜಾಸ್ತಿ. ಹೊರಗೆ ಕಣ್ಣಿಗೆ ಕಾಣೋ ಹವಾಮಾನದಲ್ಲಿ ಹಾರೋನಿಗೆ ಗುಡ್ಡ ಕಿಟಕಿಯಿಂದ್ಲೇ ಕಾಣತ್ತೆ, ಅದಕ್ಕೆ ಅಂತ ದುಬಾರಿ ಪ್ಲಾನ್‌ಗೆ ದುಡ್ಡು ಸುರಿಯೋದ್ರಲ್ಲಿ ನನಗಂತೂ ಅರ್ಥ ಕಾಣಲ್ಲ, ಬೇರೆಯವ್ರು ಒಪ್ಪದೇ ಇರ್ಬಹುದು. ಎಂಜಿನ್ ನಿಂತ್ರೆ ಎಲ್ಲಿವರೆಗೆ ತೇಲಿ ಹೋಗ್ಬಹುದು ಅಂತ ವಿಮಾನದ ಸುತ್ತ ಗೆರೆ ಹಾಕಿ ತೋರ್ಸೋ ಗ್ಲೈಡ್ ರಿಂಗ್ ಮಾತ್ರ ಒಳ್ಳೇದು, ಆದ್ರೆ ಅದು ನೀವು ಕೊಟ್ಟ ಲೆಕ್ಕದ ಮೇಲೆ ನಿಂತಿರೋದು. ಸೆಸ್ನಾ 172 ಥರದ ನಾಲ್ಕು ಸೀಟಿನ ವಿಮಾನ ಗಾಳಿ ಇಲ್ಲದಾಗ ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು ಒಂದೂವರೆ ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಅಂದ್ರೆ 1.85 ಕಿಲೋಮೀಟರ್) ಹೋಗತ್ತೆ, ಅದೂ ಸರಿಯಾದ ವೇಗ ಹಿಡಿದ್ರೆ. ಎದುರು ಗಾಳಿ ಇದ್ರೆ ಆ ಕಡೆ ಅಷ್ಟು ದೂರ ಹೋಗಲ್ಲ, ತಬ್ಬಿಬ್ಬಾಗಿ ಮೊದಲ ಕೆಲವು ಸೆಕೆಂಡು ಕಳ್ಕೊಂಡ್ರೆ ಇನ್ನೂ ಕಮ್ಮಿ, ಹಾಗಾಗಿ ಗೆರೆ ಅಂಚಲ್ಲಿರೋ ಹೊಲವನ್ನ ನಂಬ್ಬೇಡಿ.

ಆಪ್ ಆಯ್ತು, ಈಗ ಸಾಧನ. ಇಲ್ಲಿ ಅಂಗಡೀಲಿ ಯಾರೂ ಹೇಳದ ಒಂದು ವಿಷಯ ಇದೆ. ವೈಫೈ ಮಾತ್ರ ಇರೋ ಐಪ್ಯಾಡ್‌ನಲ್ಲಿ ಜಿಪಿಎಸ್ ಚಿಪ್ಪೇ ಇರಲ್ಲ. ಸಿಮ್ ಹಾಕೋ, ಅಂದ್ರೆ ಸೆಲ್ಯುಲರ್ ಮಾಡೆಲ್‌ನಲ್ಲಿ ಮಾತ್ರ ಇರತ್ತೆ. ಮನೇಲಿ ವೈಫೈ ಮಾಡೆಲ್‌ನ ನಕ್ಷೆ ತೆರೆದ್ರೆ ನೀಲಿ ಚುಕ್ಕೆ ಸರಿಯಾದ ಜಾಗದಲ್ಲೇ ಕೂತಿರತ್ತೆ, ಅದಕ್ಕೇ ಜನ ಮೋಸ ಹೋಗೋದು, ಅದು ಸುತ್ತಮುತ್ತಲ ವೈಫೈ ರೂಟರ್‌ಗಳನ್ನ ನೋಡಿ ಅಂದಾಜು ಮಾಡಿದ ಜಾಗ, 3000 ಅಡಿ ಮೇಲೆ ರೂಟರ್ ಎಲ್ಲಿಂದ ಬರ್ಬೇಕು. ಸೆಲ್ಯುಲರ್ ಮಾಡೆಲ್ ಕೊಂಡ್ರೂ ಸಿಮ್ ಹಾಕ್ಲೇಬೇಕು, ಡೇಟಾ ಪ್ಲಾನ್ ಕಟ್ಟಲೇಬೇಕು ಅಂತೇನಿಲ್ಲ, ಚಿಪ್ ಉಪಗ್ರಹದ ಸಿಗ್ನಲ್ ಹಿಡಿಯೋಕೆ ಸಿಮ್ ಬೇಡ. ಏರ್‌ಪ್ಲೇನ್ ಮೋಡ್ ಹಾಕಿದ್ರೂ ಜಿಪಿಎಸ್ ನಡೀತಿರತ್ತೆ. ನೆಟ್‌ವರ್ಕ್ ಇಲ್ದೇ ಇದ್ರೆ ಮೊದಲ ಸಲ ಜಾಗ ಹಿಡಿಯೋಕೆ ಸ್ವಲ್ಪ ಹೊತ್ತು ತಗೊಳ್ಳತ್ತೆ ಅಷ್ಟೇ, ಎಂಜಿನ್ ಸ್ಟಾರ್ಟ್ ಮಾಡೋ ಮುಂಚೆ ಆಕಾಶ ಕಾಣೋ ಕಡೆ ಇಟ್ಟು ಕಾಯಿರಿ. ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಲ್ಲಿ ವೈಫೈ ಮಾಡೆಲ್‌ನಲ್ಲೂ ಜಿಪಿಎಸ್ ಇರೋದು ಬಹಳ, ಆದ್ರೆ ಎಲ್ಲದ್ರಲ್ಲೂ ಇರತ್ತೆ ಅಂತಿಲ್ಲ, ಸ್ಪೆಸಿಫಿಕೇಶನ್ ಪಟ್ಟೀಲಿ ಜಿಪಿಎಸ್ ಅನ್ನೋ ಮೂರಕ್ಷರ ಕಣ್ಣಾರೆ ನೋಡಿದ ಮೇಲೇ ದುಡ್ಡು ಕೊಡಿ. ಆಗ್ಲೇ ವೈಫೈ ಐಪ್ಯಾಡ್ ಇದೆ ಅನ್ನೋರು ಎಸೀಬೇಕಾಗಿಲ್ಲ, ಗಾರ್ಮಿನ್ ಗ್ಲೋ, ಬ್ಯಾಡ್ ಎಲ್ಫ್ ಅಂತ ಬ್ಲೂಟೂತ್‌ನಲ್ಲಿ ಜೋಡಿಸೋ ಹೊರಗಿನ ರಿಸೀವರ್‌ಗಳು ಇವೆ, ಅವು ಟ್ಯಾಬ್ಲೆಟ್ ಒಳಗಿನ ಚಿಪ್‌ಗಿಂತ ಚೆನ್ನಾಗೇ ಕೆಲ್ಸ ಮಾಡ್ತಾವೆ, ಆದ್ರೆ ಚಾರ್ಜ್ ಮಾಡೋಕೆ ನೆನಪಿಡಬೇಕಾದ ಸಾಮಾನು ಇನ್ನೊಂದಾಯ್ತು.

ಈಗ ಬಿಸಿಲು. ಇದೊಂದನ್ನ ನಿಮ್ಮ ಬರಹದಲ್ಲಿ ಹೇಳಿದ್ದಿದ್ರೆ ನಾನು ಈ ಪತ್ರ ಬರೀತಾನೇ ಇರ್ಲಿಲ್ವೇನೋ. ಆಪಲ್ ಕಂಪನಿನೇ ಐಪ್ಯಾಡ್ ಬಳಸೋಕೆ ಸುತ್ತಲಿನ ತಾಪಮಾನ 0ಯಿಂದ 35 ಡಿಗ್ರಿ ಸೆಲ್ಸಿಯಸ್ ಒಳಗಿರ್ಬೇಕು ಅಂತ ಹೇಳತ್ತೆ, ಸುಮ್ನೆ ಇಡೋಕೂ 45 ಡಿಗ್ರಿ ದಾಟ್ಬಾರ್ದು. ಬಿಸಿಲಲ್ಲಿ ನಿಲ್ಲಿಸಿದ ಸಣ್ಣ ವಿಮಾನದ ಮುಚ್ಚಿದ ಕಾಕ್‌ಪಿಟ್ ಒಳಗೆ ಕೈ ಇಟ್ಟು ನೋಡಿದೋರಿಗೆ ಈ ಲೆಕ್ಕ ಎಷ್ಟು ಬೇಗ ತಪ್ಪತ್ತೆ ಅಂತ ಗೊತ್ತು. ತಲೆ ಮೇಲೆ ರೆಕ್ಕೆ ಇರೋ ವಿಮಾನದಲ್ಲಿ ನೆರಳಾದ್ರೂ ಸಿಗತ್ತೆ, ಗಾಜಿನ ಗುಮ್ಮಟದಂಥ ಕ್ಯಾನಪಿ ಇರೋದ್ರಲ್ಲಿ ಅದೂ ಇಲ್ಲ. ಬಿಸಿಯಾಗ್ತಾ ಹೋದ ಟ್ಯಾಬ್ಲೆಟ್ ಒಂದೇ ಸಲ ಕೈ ಕೊಡಲ್ಲ, ಸಾಮಾನ್ಯವಾಗಿ ಹೀಗಾಗತ್ತೆ. ಮೊದ್ಲು ಸ್ಕ್ರೀನ್ ತಾನಾಗೇ ಮಂಕಾಗತ್ತೆ, ನೀವು ಬ್ರೈಟ್‌ನೆಸ್ ಪೂರ್ತಿ ಎಳೆದ್ರೂ ಮೇಲೆ ಹೋಗಲ್ಲ. ಆಮೇಲೆ ಕೇಬಲ್ ಸಿಕ್ಕಿಸಿದ್ರೂ ಚಾರ್ಜ್ ಆಗೋದು ನಿಲ್ಲತ್ತೆ. ಕೊನೇಗೆ ನಕ್ಷೆ ಮಾಯ, ಕಪ್ಪು ಸ್ಕ್ರೀನ್ ಮೇಲೆ ಥರ್ಮಾಮೀಟರ್ ಗುರುತು, ತಣ್ಣಗಾಗೋವರೆಗೆ ಬಳಸೋಕಾಗಲ್ಲ ಅಂತ ಒಂದು ಸಾಲು. ಇದು ಆಗೋದು ಯಾವಾಗ? ಬಿಸಿಲು ಮುಖಕ್ಕೆ ಹೊಡೀತಾ ಇರೋವಾಗ, ಟ್ಯಾಕ್ಸಿ ಮಾಡಿ, ಅಂದ್ರೆ ನೆಲದ ಮೇಲೆ ರನ್‌ವೇವರೆಗೆ ವಿಮಾನ ಓಡಿಸ್ಕೊಂಡು ಹೋಗಿ, ಸರದಿಗೆ ಕಾಯ್ತಾ ನಿಂತಾಗ, ಇಲ್ಲಾ ಕೆಳಗಿಳಿದು ಗಿಜಿಗುಡೋ ಏರ್‌ಫೀಲ್ಡ್ ಹತ್ರ ಬಂದಾಗ, ಅಂದ್ರೆ ನಿಮಗೆ ನಕ್ಷೆ ಬೇಕೇಬೇಕಾದಾಗ.

ಮೊದಲ ಹಂತದಲ್ಲೇ, ಸ್ಕ್ರೀನ್ ಮಂಕಾದ ಕೂಡ್ಲೇ ಎಚ್ಚೆತ್ತುಕೊಳ್ಳಬೇಕು. ಚಾರ್ಜಿಂಗ್ ಕೇಬಲ್ ಕಿತ್ತುಹಾಕಿ, ಯಾಕಂದ್ರೆ ಬ್ಯಾಟರಿ ಚಾರ್ಜ್ ಆಗೋದ್ರಿಂದ್ಲೂ ಬಿಸಿ ಏರತ್ತೆ. ದಪ್ಪ ರಬ್ಬರ್ ಕವರ್ ಇದ್ರೆ ಬಿಚ್ಚಿ, ತಾಜಾ ಗಾಳಿ ಬರೋ ವೆಂಟ್‌ನ ಅದ್ರ ಬೆನ್ನಿಗೆ ತಿರುಗಿಸಿ, ನೆರಳಿಗೆ ತನ್ನಿ. ಬೇಗ ತಣ್ಣಗಾಗ್ಲಿ ಅಂತ ಫ್ರಿಜ್ಜಲ್ಲಿ ಐಸ್ ಪಕ್ಕ ಇಡೋ ಪ್ರಯೋಗ ಬೇಡ, ಒಳಗೆ ನೀರು ಕಟ್ಟತ್ತೆ. ಗಾಜಿಗೆ ಅಂಟಿಸೋ ಸಕ್ಷನ್ ಕಪ್ ಹೋಲ್ಡರ್ ನೋಡೋಕೆ ಚೆಂದ, ಬಿಸಿಲಿನ ಮಟ್ಟಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಬೆನ್ನ ಕಡೆ ಫ್ಯಾನ್ ಇರೋ ಕೂಲಿಂಗ್ ಕೇಸ್‌ಗಳು ಬರ್ತಾವೆ, ಬಿಸಿ ನಾಡಲ್ಲಿ ಹಾರೋರಿಗೆ ಹೊಸ ಮಾಡೆಲ್‌ಗೆ ಕೊಡೋ ಹೆಚ್ಚಿನ ದುಡ್ಡಿಗಿಂತ ಅದಕ್ಕೆ ಕೊಟ್ಟ ದುಡ್ಡು ಜಾಸ್ತಿ ಪ್ರಯೋಜನ. ಮತ್ತೆ ನೀವು ಹೇಳಿದ ಜೋರು ಪ್ರಾಸೆಸರ್ ಇದೆಯಲ್ಲ, ನಕ್ಷೆ ಓಡಿಸೋಕೆ ಅದು ಬೇಕಾಗೇ ಇಲ್ಲ, ಮೂರು ನಾಲ್ಕು ವರ್ಷ ಹಳೇ ಟ್ಯಾಬ್ಲೆಟ್ಟೂ ನಕ್ಷೆಯನ್ನ ಸಲೀಸಾಗಿ ಎಳೀತದೆ.

ಗಾತ್ರದ ವಿಷಯದಲ್ಲೂ ನಿಮ್ಮ ಸಲಹೆಗೆ ನನ್ನ ತಕರಾರಿದೆ. ಹನ್ನೊಂದು ಇಂಚು, ಹದಿಮೂರು ಇಂಚು ಅಂಗಡೀಲಿ ಮೇಜಿನ ಮೇಲೆ ಚೆಂದ ಕಾಣತ್ತೆ, ಸಣ್ಣ ವಿಮಾನದಲ್ಲಿ ಅದನ್ನ ಇಡೋದೆಲ್ಲಿ? ಐಪ್ಯಾಡ್ ಮಿನಿ 8.3 ಇಂಚು, ತೂಕ 300 ಗ್ರಾಂ ಒಳಗೆ, ತೊಡೆಗೆ ಕಟ್ಟೋ ನೀಬೋರ್ಡ್ ಮೇಲೆ ಸರಿಯಾಗಿ ಕೂರತ್ತೆ, ಅದಕ್ಕೇ ಸಣ್ಣ ವಿಮಾನದವ್ರು ಅದನ್ನ ಅಷ್ಟು ಇಷ್ಟಪಡೋದು. ಕೊಳ್ಳೋ ಮುಂಚೆ ಆ ಅಳತೆಯ ರಟ್ಟು ಕತ್ತರಿಸ್ಕೊಂಡು ವಿಮಾನಕ್ಕೆ ಹೋಗಿ ಕೂತು ನೋಡಿ, ಖರ್ಚಿಲ್ಲದ ಕೆಲ್ಸ. ಕಾಲುಗಳ ನಡುವೆ ಹಿಡಿಯೋ ಕೋಲು, ಅಂದ್ರೆ ಸ್ಟಿಕ್ ಇರೋ ವಿಮಾನ ಆದ್ರೆ ತೊಡೆ ಮೇಲಿನ ರಟ್ಟಿಗೆ ಸ್ಟಿಕ್ ಎಡಕ್ಕೆ ಬಲಕ್ಕೆ ತಾಕ್ತದಾ, ಸ್ಟಿಯರಿಂಗ್ ಥರದ ಯೋಕ್ ಇರೋದಾದ್ರೆ ಅದ್ರ ಮೇಲೆ ಕಟ್ಟಿದ ರಟ್ಟು ಪೂರ್ತಿ ಹಿಂದಕ್ಕೆಳೆದಾಗ ಹೊಟ್ಟೆಗೆ ಒತ್ತತ್ತಾ, ಹಿಂದಿರೋ ಗೇಜು ಸ್ವಿಚ್ಚು ಮುಚ್ಚಿಹೋಗತ್ತಾ ಅಂತ ನೋಡಿ. ಕಂಟ್ರೋಲ್‌ಗಳು ಕೊನೇವರೆಗೆ ಅಡ್ಡಿಯಿಲ್ದೆ ತಿರುಗತ್ತಾ ಅಂತ ಪ್ರತಿ ಸಲ ಹಾರೋ ಮುಂಚೆ ನೋಡ್ತೀವಲ್ಲ, ಅದನ್ನ ಟ್ಯಾಬ್ಲೆಟ್ ಕಟ್ಟಿದ ಮೇಲೇ ನೋಡ್ಬೇಕು, ಮುಂಚೆ ಅಲ್ಲ.

ಅಯಸ್ಕಾಂತದ ಕವರ್ ಬಗ್ಗೆ ಒಂದು ಮಾತು. ಮಡಚೋ ಕವರ್‌ಗಳಲ್ಲಿ ಸಾಲಾಗಿ ಅಯಸ್ಕಾಂತ ಇರತ್ತೆ, ಟ್ಯಾಬ್ಲೆಟ್ ಒಳಗೂ ಇರತ್ತೆ. ಪ್ಯಾನೆಲ್ ಮೇಲಿರೋ ದ್ರವ ತುಂಬಿದ ಹಳೇ ಕಾಲದ ದಿಕ್ಸೂಚಿ ಇದೆಯಲ್ಲ, ಅದ್ರ ಹತ್ರ ಟ್ಯಾಬ್ಲೆಟ್ ತಂದು ನಿಧಾನಕ್ಕೆ ಸರಿಸಿ ನೋಡಿ, ಒಳಗಿನ ಕಾರ್ಡು ಸುಮ್ನೆ ನಿಂತಿದ್ದದ್ದು ಟ್ಯಾಬ್ಲೆಟ್ ಹಿಂದೇನೇ ತಿರುಗೋಕೆ ಶುರು ಮಾಡತ್ತೆ. ವಿಮಾನದಲ್ಲಿ ಕರೆಂಟೇ ಇಲ್ಲದಿದ್ರೂ ದಿಕ್ಕು ತೋರ್ಸೋ ಉಪಕರಣ ಅದು, ಅದನ್ನೇ ಕೆಡಿಸಿಕೊಂಡು ಕೂತ್ರೆ ಹೇಗೆ. ಹೋಲ್ಡರ್ ಎಲ್ಲಿ ಹಾಕ್ಬೇಕು ಅಂತ ನಿರ್ಧರಿಸೋವಾಗ ಇದನ್ನೂ ಪರೀಕ್ಷೆ ಮಾಡಿ.

ಸ್ಕ್ರೀನ್ ವಿಷಯಕ್ಕೆ ಬಂದ್ರೆ ಬೆಳಕು ಜಾಸ್ತಿ ಇರೋದು ಒಳ್ಳೇದೇ, ಜೊತೆಗೆ ಮ್ಯಾಟ್ ಹಾಳೆ ಅಂಟಿಸಿದ್ರೆ ನಿಮ್ಮದೇ ಬಿಳಿ ಷರ್ಟು ಅದ್ರಲ್ಲಿ ಹೊಳೆಯೋದು ಕಮ್ಮಿ ಆಗತ್ತೆ. ಪೋಲರೈಸ್ಡ್ ಕನ್ನಡಕ ಹಾಕೋರು ಟ್ಯಾಬ್ಲೆಟ್‌ನ ಅಡ್ಡ ಉದ್ದ ಎರಡೂ ಕಡೆ ತಿರುಗಿಸಿ ನೋಡಿ, ಕೆಲವು ಸ್ಕ್ರೀನುಗಳು ಒಂದು ಕೋನದಲ್ಲಿ ಕಪ್ಪಗಾಗಿಬಿಡ್ತಾವೆ. ಗಾಳಿ ಒರಟಾಗಿ ವಿಮಾನ ಕುಲುಕೋವಾಗ ತೋರು ಬೆರಳು ಗುರಿ ಇಟ್ಟ ಕಡೆ ಬೀಳಲ್ಲ, ಹೆಬ್ಬೆರಳನ್ನ ಟ್ಯಾಬ್ಲೆಟ್ ಅಂಚಿಗೆ ಊರಿ ಆಮೇಲೆ ಬೆರಳಿಂದ ಒತ್ತಬೇಕು, ಅಂಚೇ ಇಲ್ಲದ ಹಾಗೆ ಪೂರ್ತಿ ಸ್ಕ್ರೀನ್ ಇರೋ ಮಾಡೆಲ್‌ಗಳಲ್ಲಿ ಊರೋಕೆ ಜಾಗ ಇರಲ್ಲ, ಊರಿದ ಹೆಬ್ಬೆರಳೇ ಇನ್ನೇನೋ ಒತ್ತಿರತ್ತೆ. ಇಂಥದ್ದು ಯಾವ ರಿವ್ಯೂನಲ್ಲೂ ಬರಲ್ಲ.

ಇನ್ನು ಎಡಿಎಸ್-ಬಿ ರಿಸೀವರ್. ಸುತ್ತಲಿನ ವಿಮಾನಗಳು ತಾವೆಲ್ಲಿದ್ದೀವಿ ಅಂತ ರೇಡಿಯೋದಲ್ಲಿ ಸಾರ್ತಾ ಇರ್ತಾವೆ, ಅದನ್ನ ಹಿಡಿದು ಟ್ಯಾಬ್ಲೆಟ್ ನಕ್ಷೆ ಮೇಲೆ ತೋರಿಸೋ ಪುಟ್ಟ ಡಬ್ಬ. ಸೆಂಟ್ರಿ, ಸ್ಟ್ರೇಟಸ್ ಅಂತ ಸಿದ್ಧವಾಗಿ ಬರೋವು ಇವೆ, ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಇಟ್ಕೊಂಡು ಸ್ಟ್ರೇಟಕ್ಸ್ ಅಂತ ತಾವೇ ಜೋಡಿಸ್ಕೊಳ್ಳೋರೂ ಇದ್ದಾರೆ. ಅಮೆರಿಕದಲ್ಲಿ ಇದೇ ದಾರೀಲಿ ನೆಲದಿಂದ ಹವಾಮಾನವೂ ಪುಕ್ಕಟೆ ಬರತ್ತೆ, ಅದಕ್ಕೇ ಅಲ್ಲಿಯ ರಿವ್ಯೂಗಳಲ್ಲಿ ಅಷ್ಟು ಹೊಗಳಿಕೆ, ಆ ವ್ಯವಸ್ಥೆ ಇಲ್ಲದ ದೇಶದಲ್ಲಿ ಅದೇ ಡಬ್ಬ ಕೊಂಡ್ರೆ ಬೇರೆ ವಿಮಾನಗಳು ಕಾಣ್ತಾವೆ ಅಷ್ಟೇ, ಮಳೆ ಕಾಣಲ್ಲ. ಮತ್ತೆ ಬೇರೆ ವಿಮಾನಗಳು ಅಂದ್ರೂ ಎಲ್ಲವೂ ಅಲ್ಲ, ತನ್ನ ಜಾಗ ಸಾರದೇ ಇರೋ ಗ್ಲೈಡರ್ರು, ಪ್ಯಾರಾಗ್ಲೈಡರ್ರು, ಹಳೇ ವಿಮಾನ ಆ ಸ್ಕ್ರೀನ್ ಮೇಲೆ ಬರದೇ ಇರ್ಬಹುದು. ಸ್ಕ್ರೀನ್ ಖಾಲಿ ಇದೆ ಅಂತ ಆಕಾಶ ಖಾಲಿ ಅಂದ್ಕೊಂಡ್ರೆ ಕೆಟ್ಟೆವು.

ಹವಾಮಾನದ ಚಿತ್ರ ಬರೋ ಕಡೆಯೂ ಒಂದು ತೊಡಕಿದೆ, ಇದು ಗಂಭೀರವಾದದ್ದು. ಸ್ಕ್ರೀನ್ ಮೇಲೆ ಕಾಣೋ ರೇಡಾರ್ ಚಿತ್ರ ಬೇರೆ ಬೇರೆ ಹೊತ್ತಲ್ಲಿ ಬೇರೆ ಬೇರೆ ರೇಡಾರ್‌ಗಳಿಂದ ಬಂದದ್ದನ್ನ ಹೊಲಿದು ಮಾಡಿದ್ದು, ಮೂಲೇಲಿ ಒಂದು ನಿಮಿಷ ಹಳೇದು ಅಂತ ಬರೆದಿದ್ರೆ ಅದು ಹೊಲಿದು ಮುಗಿಸಿದ ಹೊತ್ತಿನ ಲೆಕ್ಕ, ಮಳೆಯನ್ನ ನಿಜವಾಗಿ ನೋಡಿದ ಹೊತ್ತಿನದ್ದಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ 2012ರಲ್ಲೇ ಇದ್ರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು, ತೋರಿಸಿದ ವಯಸ್ಸಿಗಿಂತ ಚಿತ್ರ 15ರಿಂದ 20 ನಿಮಿಷ ಹಳೇದಾಗಿರೋ ಸಾಧ್ಯತೆ ಇದೆ ಅಂತ. ಲೆಕ್ಕ ಹಾಕಿ, 30 ನಾಟ್ ವೇಗದಲ್ಲಿ, ಅಂದ್ರೆ ಗಂಟೆಗೆ 30 ನಾಟಿಕಲ್ ಮೈಲಿ ಸಾಗೋ ಗುಡುಗು ಮೋಡ 20 ನಿಮಿಷದಲ್ಲಿ 10 ನಾಟಿಕಲ್ ಮೈಲಿ ಮುಂದಕ್ಕೆ ಬಂದಿರತ್ತೆ, ಚಿತ್ರದಲ್ಲಿ ಎರಡು ಮೋಡದ ನಡುವೆ ಕಾಣ್ತಿರೋ ಸಂದಿ ಅಷ್ಟೊತ್ತಿಗೆ ಮುಚ್ಚಿಹೋಗಿರತ್ತೆ. ದೂರದಿಂದ್ಲೇ ಸುತ್ತಿಕೊಂಡು ಹೋಗೋಕೆ, ಇಲ್ಲಾ ವಾಪಸ್ ತಿರುಗೋಕೆ ಆ ಚಿತ್ರ ಬಳಸಿ, ನುಸುಳೋಕೆ ಬೇಡ.

ಎತ್ತರದ ಬಗ್ಗೆಯೂ ಗೊಂದಲ ಇದೆ. ಟ್ಯಾಬ್ಲೆಟ್ ತೋರ್ಸೋದು ಜಿಪಿಎಸ್ ಲೆಕ್ಕದ ಎತ್ತರ, ಏರ್‌ಸ್ಪೇಸ್ ಗಡಿಗಳು, ನೆಲದಿಂದ ವಿಮಾನಗಳನ್ನ ನಿಯಂತ್ರಿಸೋ ಎಟಿಸಿಯವರು ಕೇಳೋ ಎತ್ತರ ಎಲ್ಲ ಗಾಳಿಯ ಒತ್ತಡ ಅಳೆಯೋ ಆಲ್ಟಿಮೀಟರ್ ಪ್ರಕಾರ. ಎರಡಕ್ಕೂ ನೂರಾರು ಅಡಿ ವ್ಯತ್ಯಾಸ ಬರೋದು ಸಹಜ, ಬಿಸಿ ದಿನದಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಏರ್‌ಸ್ಪೇಸ್‌ನ ಕೆಳಗೆ ಸ್ವಲ್ಪವೇ ಅಂತರದಲ್ಲಿ ಹೋಗೋವಾಗ ಟ್ಯಾಬ್ಲೆಟ್ ಮೇಲಿನ ಅಂಕಿ ನೋಡ್ಕೊಂಡು ಹೋಗೋದು ತಪ್ಪು, ಆಲ್ಟಿಮೀಟರ್ ನೋಡಿ. ಇತ್ತೀಚೆಗೆ ಯುದ್ಧ ಇರೋ ಪ್ರದೇಶಗಳ ಆಸುಪಾಸಲ್ಲಿ ಜಿಪಿಎಸ್ ಸಿಗ್ನಲ್ಲೇ ಕೆಡಿಸೋದು, ಸುಳ್ಳು ಜಾಗ ತೋರ್ಸೋ ಹಾಗೆ ಮಾಡೋದು ನಡೀತಿದೆ, ಅಲ್ಲಿ ದೊಡ್ಡ ವಿಮಾನಗಳೇ ಒದ್ದಾಡ್ತಿವೆ, ಟ್ಯಾಬ್ಲೆಟ್ ಯಾವ ಲೆಕ್ಕ.

ಸೆಟ್ಟಿಂಗ್ಸ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಬಳಸದ ಆಪ್‌ಗಳನ್ನ ತಾನಾಗೇ ತೆಗೆಯೋ ಆಯ್ಕೆ ಒಂದಿದೆ ಐಪ್ಯಾಡ್‌ನಲ್ಲಿ, ಅದನ್ನ ಆಫ್ ಮಾಡಿ, ಮಳೆಗಾಲ ಪೂರ್ತಿ ಹಾರದೇ ಇದ್ದು ಆಮೇಲೆ ಬಂದು ನೋಡಿದ್ರೆ ಆಪ್ ಇದ್ದ ಜಾಗದಲ್ಲಿ ಬರೀ ಗುರುತು ಇರತ್ತೆ, ಒತ್ತಿದ್ರೆ ಮತ್ತೆ ಡೌನ್‌ಲೋಡ್ ಮಾಡು ಅನ್ನತ್ತೆ, ರನ್‌ವೇ ಪಕ್ಕದಲ್ಲಿ ನೆಟ್‌ವರ್ಕ್ ಇರಲ್ಲ. ಸಾಫ್ಟ್‌ವೇರ್‌ನ ದೊಡ್ಡ ಅಪ್‌ಡೇಟ್ ಬಂದ ದಿನವೇ ಹಾಕ್ಬೇಡಿ, ನಿಮ್ಮ ಆಪ್‌ನವರು ಪರೀಕ್ಷೆ ಮಾಡಿ ಸರಿ ಇದೆ ಅಂತ ಹೇಳೋವರೆಗೆ ಕಾಯಿರಿ, ಹಾರೋ ಹಿಂದಿನ ರಾತ್ರಿಯಂತೂ ಏನನ್ನೂ ಅಪ್‌ಡೇಟ್ ಮಾಡ್ಬೇಡಿ, ಚಾರ್ಟು ಬಿಟ್ಟು. ಚಾರ್ಟು ಡೌನ್‌ಲೋಡ್ ಆಗಿದೆಯಾ ಅಂತ ನೋಡೋಕೆ ಒಂದೇ ದಾರಿ, ಮನೇಲೇ ವೈಫೈ ಮತ್ತು ಮೊಬೈಲ್ ಡೇಟಾ ಎರಡೂ ಆಫ್ ಮಾಡಿ ಪೂರ್ತಿ ರೂಟ್‌ನ ಉದ್ದಕ್ಕೂ ಝೂಮ್ ಮಾಡ್ತಾ ಹೋಗಿ, ಎಲ್ಲಾದ್ರೂ ಬಿಳಿ ಚೌಕ ಕಂಡ್ರೆ ಅಲ್ಲಿ ಚಾರ್ಟು ಇಳಿದಿಲ್ಲ. ಚಾರ್ಟುಗಳು ಹಲವು ಜಿಬಿ ತಿಂತಾವೆ, ಹಾಗಾಗಿ ದುಡ್ಡು ಹಾಕೋದಾದ್ರೆ ಪ್ರಾಸೆಸರ್‌ಗಿಂತ ಸ್ಟೋರೇಜ್‌ಗೆ ಹಾಕಿ. ಡು ನಾಟ್ ಡಿಸ್ಟರ್ಬ್ ಹಾಕಿ, ಸ್ಕ್ರೀನ್ ತಾನಾಗೇ ಆರದ ಹಾಗೆ ಮಾಡಿ, ಆಯ್ತು.

ಕೆಲವರು ಕೇಳ್ತಾರೆ, ಇಷ್ಟೆಲ್ಲ ತಲೆನೋವು ಇದ್ರೆ ಕಾಗದದ ಚಾರ್ಟೇ ವಾಸಿ ಅಲ್ವಾ ಅಂತ. ನಾನು ಹಾಗೆ ಹೇಳಲ್ಲ. ಗೊತ್ತಿಲ್ಲದೆ ನಿಯಂತ್ರಿತ ಏರ್‌ಸ್ಪೇಸ್ ಒಳಗೆ ನುಗ್ಗೋದನ್ನ ತಪ್ಪಿಸೋಕೆ ಚಲಿಸೋ ನಕ್ಷೆಗಿಂತ ಒಳ್ಳೇ ಸಾಧನ ಸಣ್ಣ ವಿಮಾನದೋನ ಕೈಗೆ ಇನ್ನೊಂದು ಬಂದಿಲ್ಲ. ಆದ್ರೆ ಹಾರೋಕೆ ಕಲೀತಾ ಇರೋರು ಮೊದ್ಲು ಕಾಗದ, ಪೆನ್ಸಿಲ್, ಗಡಿಯಾರ ಇಟ್ಕೊಂಡೇ ದಾರಿ ಹುಡುಕೋದು ಕಲೀಬೇಕು, ಇಲ್ದಿದ್ರೆ ಸ್ಕ್ರೀನ್ ಆರಿದ ಕೂಡ್ಲೇ ತಾನೆಲ್ಲಿದ್ದೀನಿ ಅಂತ ಕೆಳಗೆ ನೋಡಿ ಹೇಳೋಕೆ ಬರಲ್ಲ. ಕಲಿತ ಮೇಲೂ ಹೊಸ ಆಪ್‌ನ ಮೊದಲ ಕೆಲವು ಸಲ ಪಕ್ಕದ ಸೀಟಲ್ಲಿ ಇನ್ನೊಬ್ಬ ಪೈಲಟ್ ಇದ್ದಾಗ್ಲೇ ಬಳಸಿ, ಒಬ್ಬರು ಹೊರಗೆ ನೋಡ್ತಿರ್ಲಿ.

ಎರಡನೇ ಸಾಧನ ಬೇಕೇಬೇಕು, ಅದಕ್ಕೆ ಇನ್ನೊಂದು ಟ್ಯಾಬ್ಲೆಟ್ ಕೊಳ್ಳೋದು ಬೇಡ. ಹೆಚ್ಚಿನ ಆಪ್‌ಗಳು ಅದೇ ಸಬ್‌ಸ್ಕ್ರಿಪ್ಶನ್‌ನಲ್ಲಿ ಫೋನಲ್ಲೂ ಓಡ್ತಾವೆ, ಫೋನಲ್ಲಿ ಜಿಪಿಎಸ್ ಇದ್ದೇ ಇರತ್ತೆ, ಚಾರ್ಟು ಅದಕ್ಕೂ ಡೌನ್‌ಲೋಡ್ ಮಾಡಿ, ಬಿಸಿಲು ಬೀಳದ ಹಾಗೆ ಬ್ಯಾಗಲ್ಲಿ ಅಥವಾ ಜೇಬಲ್ಲಿ ಇಟ್ಕೊಳ್ಳಿ. ಟ್ಯಾಬ್ಲೆಟ್ಟೂ ಫೋನೂ ಎರಡನ್ನೂ ಒಟ್ಟಿಗೆ ಗಾಜಿನ ಹತ್ರ ಇಟ್ರೆ ಎರಡೂ ಒಟ್ಟಿಗೇ ಬಿಸಿಯಾಗಿ ಕೈಬಿಡ್ತಾವೆ, ಆಗ ಬ್ಯಾಕಪ್ ಅನ್ನೋದಕ್ಕೆ ಅರ್ಥ ಇಲ್ಲ. ಒಳ್ಳೇ ಪವರ್ ಬ್ಯಾಂಕ್ ಒಂದು, ಕೇಬಲ್ ಎರಡು, ಯಾಕಂದ್ರೆ ಕೇಬಲ್ ಅಷ್ಟು ಬೇಗ ಹಾಳಾಗೋ ವಸ್ತು ಇನ್ನೊಂದಿಲ್ಲ.

ಸೆಕೆಂಡ್ ಹ್ಯಾಂಡ್ ಟ್ಯಾಬ್ಲೆಟ್ ಕೊಳ್ಳೋರಿಗೆ ನನ್ನ ವಿರೋಧ ಏನಿಲ್ಲ, ಹೇಳಿದ್ನಲ್ಲ ನಕ್ಷೆಗೆ ಹೊಸದೇ ಬೇಕು ಅಂತಿಲ್ಲ. ಮೂರು ವಿಷಯ ನೋಡಿ ಸಾಕು. ನಿಮ್ಮ ಆಪ್ ಕೇಳೋ ಸಾಫ್ಟ್‌ವೇರ್ ವರ್ಶನ್ ಅದ್ರಲ್ಲಿ ಹಾಕೋಕಾಗತ್ತಾ, ಇನ್ನೂ ಒಂದೆರಡು ವರ್ಷ ಅಪ್‌ಡೇಟ್ ಸಿಗೋ ಮಾಡೆಲ್ಲಾ ಅಂತ ಆಪ್‌ನವರ ಪಟ್ಟೀಲಿ ನೋಡಿ. ಐಪ್ಯಾಡ್ ಆದ್ರೆ ಅದು ಸೆಲ್ಯುಲರ್ ಮಾಡೆಲ್ಲೇನಾ ಅಂತ ಸೆಟ್ಟಿಂಗ್ಸ್‌ಗೆ ಹೋಗಿ ನೋಡಿ, ಮಾರೋನ ಮಾತು ಬೇಡ. ಕೊನೇದಾಗಿ ಟ್ಯಾಬ್ಲೆಟ್‌ನ ಮೇಜಿನ ಮೇಲೆ ಬೆನ್ನು ಕೆಳಗಾಗೋ ಹಾಗೆ ಮಲಗಿಸಿ ಮೂಲೆ ಒತ್ತಿ ನೋಡಿ, ಅಲ್ಲಾಡಿದ್ರೆ ಅಥವಾ ಸ್ಕ್ರೀನ್ ಅಂಚಲ್ಲಿ ಎದ್ದಿದ್ರೆ ಒಳಗೆ ಬ್ಯಾಟರಿ ಊದಿಕೊಂಡಿರ್ಬಹುದು, ಹಾಗಿದ್ರೆ ಎಷ್ಟೇ ಕಮ್ಮಿಗೆ ಕೊಟ್ರೂ ಅದನ್ನ ವಿಮಾನದೊಳಗೆ ಒಯ್ಯಬೇಡಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ, ಹವ್ಯಾಸಿ ಪೈಲಟ್